ಕತೆ ಹೇಗೆ ಕತ್ತೆಯಾಗುತ್ತದೆ? ಮಿದುಳು ಶಬ್ದಗಳನ್ನು ವಿಂಗಡಿಸುವ ಬಗೆಯನ್ನು ನೀವೇ ಪರೀಕ್ಷಿಸಿ ನೋಡಿ

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ, ರೆಕಾರ್ಡ್ ಮಾಡಿ, ಎಡಿಟ್ ಮಾಡುವುದು ನನ್ನ ಕೆಲಸ. ದಿನದ ಬಹುಪಾಲು ಹೆಡ್‌ಫೋನ್ ಹಾಕಿಕೊಂಡು, ಪರದೆಯ ಮೇಲೆ ದನಿಯ ಅಲೆಗಳನ್ನು ದೊಡ್ಡದು ಮಾಡಿ ನೋಡುತ್ತ, ಎಲ್ಲಿ ಕತ್ತರಿಸಬೇಕು, ಎಲ್ಲಿ ಮುಟ್ಟಬಾರದು ಎಂದು ತೀರ್ಮಾನಿಸುತ್ತ ಕೂತಿರುತ್ತೇನೆ. ಈ ಕೆಲಸಕ್ಕೆ ಬಂದವರಿಗೆ ಒಂದು ಸಂಗತಿ ಬೇಗ ಗೊತ್ತಾಗುತ್ತದೆ: ಮೈಕಿಗೆ ಬಿದ್ದದ್ದೇ ಬೇರೆ, ನಮಗೆ ಕೇಳಿಸಿದ್ದೇ ಬೇರೆ. ಮೈಕು ಬಂದದ್ದನ್ನೆಲ್ಲ ಒಂದೇ ಸಮನೆ ಬರೆದುಕೊಳ್ಳುತ್ತದೆ. ಮಿದುಳು ಹುಡುಕುವುದು ವ್ಯತ್ಯಾಸಗಳನ್ನು. ಎಡಕಿವಿಗೂ ಬಲಕಿವಿಗೂ ಇರುವ ವ್ಯತ್ಯಾಸ, ಈ ಕ್ಷಣಕ್ಕೂ ಹಿಂದಿನ ಕ್ಷಣಕ್ಕೂ ಇರುವ ವ್ಯತ್ಯಾಸ, ಶಬ್ದ ನಿಂತು ಮೌನ ಶುರುವಾಗುವ ಆ ಅಂಚು. ಇದನ್ನು ಓದಿ ನಂಬುವುದಕ್ಕಿಂತ ಕೇಳಿ ನಂಬುವುದು ಮೇಲು. ಅದಕ್ಕೆ ಬೇಕಾದ ಪ್ರಯೋಗಗಳನ್ನು ನಾನು ಹೊಸದಾಗಿ ಎಡಿಟಿಂಗ್ ಕಲಿಯಲು ಬರುವವರಿಗೆ ಮಾಡಿಸುತ್ತೇನೆ. ಅವನ್ನೇ ಇಲ್ಲಿ ಬರೆದಿದ್ದೇನೆ.

ಬೇಕಾದ್ದು ಇಷ್ಟು: ರೆಕಾರ್ಡ್ ಮಾಡಲು ಒಂದು ಫೋನು, ಎಡ-ಬಲ ಗುರುತಿರುವ ವೈರಿನ ಹೆಡ್‌ಫೋನು, ಆಡಾಸಿಟಿ ಎಂಬ ಉಚಿತ ತಂತ್ರಾಂಶ ಹಾಕಿದ ಕಂಪ್ಯೂಟರು. ಜೊತೆಗೆ ಇನ್ನೊಬ್ಬರು ಇದ್ದರೆ ಒಳ್ಳೆಯದು. ಏಕೆಂದರೆ ಏನು ಕೇಳಿಸಬೇಕು ಎಂದು ಮೊದಲೇ ಗೊತ್ತಿದ್ದವರಿಗೆ ಅದೇ ಕೇಳಿಸಿಬಿಡುತ್ತದೆ. ಫೈಲು ನೀವು ತಯಾರಿಸಿ, ಉತ್ತರ ಅವರು ಹೇಳಲಿ. ವಾಲ್ಯೂಮನ್ನು ಸಣ್ಣದಾಗಿ ಇಟ್ಟುಕೊಂಡೇ ಶುರು ಮಾಡಿ.

ಮೊದಲು ಕೋಣೆಯನ್ನು ಕೇಳಿ

ಫ್ಯಾನ್ ಓಡುತ್ತಿರುವ ಕೋಣೆಯಲ್ಲಿ ಇಬ್ಬರು ಎರಡು ನಿಮಿಷ ಮಾತಾಡಿ. ಫೋನು ಸ್ವಲ್ಪ ದೂರದಲ್ಲಿ ಮೇಜಿನ ಮೇಲೆ ರೆಕಾರ್ಡ್ ಮಾಡುತ್ತಿರಲಿ. ಆಮೇಲೆ ಹೆಡ್‌ಫೋನಿನಲ್ಲಿ ಕೇಳಿ. ಮಾತಾಡುವಾಗ ಗಮನಕ್ಕೇ ಬಾರದ ಫ್ಯಾನು ಈಗ ಮಾತಿನ ಮೇಲೆ ಕೂತಿರುತ್ತದೆ. ಗೋಡೆಗೆ ಬಡಿದು ಬಂದ ದನಿಯಿಂದಾಗಿ ಮಾತು ಬಾವಿಯೊಳಗಿಂದ ಬಂದಂತಿರುತ್ತದೆ. ಫೋನು ಕೆಟ್ಟದ್ದು ಅಂದುಕೊಳ್ಳಬೇಡಿ. ಅದು ದಾಖಲಿಸಿದ್ದು ನಿಜವಾಗಿ ಅಲ್ಲಿದ್ದ ಶಬ್ದವನ್ನೇ. ಅದೇ ಕೋಣೆಯಲ್ಲಿ ಕೂತಾಗ ನಿಮ್ಮ ಮಿದುಳು ಒಂದೇ ಸಮ ಬರುತ್ತಿದ್ದ ಶಬ್ದವನ್ನು ಹಿಂದೆ ಸರಿಸಿತ್ತು, ಪ್ರತಿಧ್ವನಿಯನ್ನು ಮೂಲ ದನಿಯೊಳಗೆ ಸೇರಿಸಿಕೊಂಡಿತ್ತು, ಎರಡು ಕಿವಿಗಳ ನೆರವಿನಿಂದ ಎದುರಿನವರ ದನಿ ಬರುವ ದಿಕ್ಕನ್ನು ಹಿಡಿದಿತ್ತು. ಒಂದೇ ಮೈಕಿನ ರೆಕಾರ್ಡಿಂಗಿನಲ್ಲಿ ದಿಕ್ಕಿನ ಸುಳಿವು ಉಳಿಯುವುದಿಲ್ಲ. ಸುಳಿವು ಹೋದರೆ ವಿಂಗಡಣೆಯೂ ಹೋಯಿತು.

ಇದೇ ರೆಕಾರ್ಡಿಂಗನ್ನು ಆಡಾಸಿಟಿಯಲ್ಲಿ ತೆರೆದು, ಟ್ರ್ಯಾಕಿನ ಮೆನುವಿನಲ್ಲಿ ಸ್ಪೆಕ್ಟ್ರೋಗ್ರಾಮ್ ಆರಿಸಿ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಕಂಪನಾಂಕ (ಸೆಕೆಂಡಿಗೆ ಎಷ್ಟು ಕಂಪನ ಎಂಬುದು, ಅಳತೆ ಹರ್ಟ್ಜ್). ಫ್ಯಾನಿನದು ತಳದಲ್ಲಿ ಕೊನೆಯವರೆಗೂ ಎಳೆದ ಪಟ್ಟಿ. ‘ಆ’ ಎಂದು ಎಳೆದ ಕಡೆ ಒಂದರ ಮೇಲೊಂದು ಅಡ್ಡಗೆರೆಗಳು. ‘ಸ್’ ಎಂದ ಕಡೆ 4,000 ಹರ್ಟ್ಜ್‌ನ ಮೇಲೆಲ್ಲ ಹರಡಿದ ಬಣ್ಣ. ಒಂದು ಚಪ್ಪಾಳೆ ತಟ್ಟಿ ನೋಡಿ, ತಳದಿಂದ ತುದಿಯವರೆಗೆ ನೆಟ್ಟಗೆ ಒಂದು ಗೆರೆ ಬರುತ್ತದೆ. ಸ್ವಲ್ಪ ಹೊತ್ತು ಈ ಚಿತ್ರವನ್ನೇ ನೋಡುತ್ತಿರಿ; ಒಳಗಿವಿ ಮಾಡುವ ಮೊದಲ ವಿಂಗಡಣೆ ಹೆಚ್ಚುಕಡಿಮೆ ಹೀಗೇ ಇದೆ. ಸುರುಳಿ ಸುತ್ತಿಕೊಂಡಿರುವ ಕಾಕ್ಲಿಯಾವನ್ನು ಬಿಚ್ಚಿ ನೀಳ ಮಾಡಿದರೆ ಸುಮಾರು 35 ಮಿಲಿಮೀಟರ್ ಉದ್ದ. ಅದರ ಬುಡ ಕೀಚು ದನಿಗಳಿಗೆ ಕಂಪಿಸುತ್ತದೆ, ತುದಿ ದಪ್ಪ ದನಿಗಳಿಗೆ. ಕಾಕ್ಲಿಯಾದಲ್ಲಿ ಅಲೆ ಹೇಗೆ ಸಾಗುತ್ತದೆ ಎಂದು ತೋರಿಸಿಕೊಟ್ಟ ಗಿಯೋರ್ಗ್ ಫಾನ್ ಬೇಕೆಶಿ ಅವರಿಗೆ 1961ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮಿದುಳಿಗೆ ಸುದ್ದಿ ಮುಟ್ಟಿಸುವ ರೋಮಕೋಶಗಳು ಒಂದೊಂದು ಕಿವಿಯಲ್ಲಿ ಇರುವುದು ಸುಮಾರು 3,500 ಮಾತ್ರ. ಅವುಗಳ ಪಕ್ಕದ ಸಾಲುಗಳಲ್ಲಿ ಇನ್ನೂ ಸುಮಾರು 12,000 ಕೋಶಗಳಿವೆ. ಅವು ಸಣ್ಣ ಕಂಪನವನ್ನು ಹಿಗ್ಗಿಸಿ ಕೊಡುತ್ತವೆ. ಅಲ್ಲಿಂದ ಸುಮಾರು 30,000 ಎಳೆಗಳ ಶ್ರವಣನರ ಮಿದುಳುಕಾಂಡಕ್ಕೆ ಹೋಗುತ್ತದೆ. ಅಲ್ಲಿ ಹಲವು ನಿಲ್ದಾಣಗಳನ್ನು ದಾಟಿದ ಮೇಲೆ ಸುದ್ದಿ ಮುಟ್ಟುವುದು ಮಿದುಳಿನ ಪಕ್ಕದಲ್ಲಿ, ಕಿವಿಯಿಂದ ತುಸು ಮೇಲಿರುವ ಶ್ರವಣ ಕಾರ್ಟೆಕ್ಸಿಗೆ, ಎಂದರೆ ಕೇಳುವ ಕೆಲಸ ನೋಡಿಕೊಳ್ಳುವ ಮಿದುಳಿನ ಹೊರಪದರಕ್ಕೆ. ಕೀಚು ಒಂದು ಕಡೆ, ದಪ್ಪ ಇನ್ನೊಂದು ಕಡೆ ಎಂಬ ಕ್ರಮ ಅಲ್ಲಿಯವರೆಗೂ ಕೆಡುವುದಿಲ್ಲ.

ದಿಕ್ಕು: 22 ಸ್ಯಾಂಪಲ್‌ಗಳ ಆಟ

ಒಂದು ಸಣ್ಣ ‘ಟಕ್’ ಶಬ್ದವನ್ನೋ ಒಂದು ಪದವನ್ನೋ ರೆಕಾರ್ಡ್ ಮಾಡಿ. ಟ್ರ್ಯಾಕಿನ ನಕಲು ತೆಗೆದು, ಒಂದನ್ನು ಪೂರ್ತಿ ಎಡಕ್ಕೂ ಇನ್ನೊಂದನ್ನು ಪೂರ್ತಿ ಬಲಕ್ಕೂ ತಿರುಗಿಸಿ. ಹೆಡ್‌ಫೋನಿನಲ್ಲಿ ಶಬ್ದ ತಲೆಯ ನಟ್ಟನಡುವೆ ಕೇಳುತ್ತದೆ. ಈಗ ಬಲಗಡೆಯ ಟ್ರ್ಯಾಕಿನ ಆರಂಭಕ್ಕೆ ಮೌನ ಸೇರಿಸಬೇಕು. ಜನರೇಟ್ ಮೆನುವಿನಲ್ಲಿ ಸೈಲೆನ್ಸ್ ಆರಿಸಿ, ಅಳತೆಯನ್ನು ಸೆಕೆಂಡಿನ ಬದಲು ಸ್ಯಾಂಪಲ್‌ಗೆ ಬದಲಿಸಿ, 22 ಎಂದು ಕೊಡಿ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ (ಶಬ್ದದ ಬಿಡಿಬಿಡಿ ಅಳತೆಗಳ) ರೆಕಾರ್ಡಿಂಗಿನಲ್ಲಿ 22 ಎಂದರೆ ಅರ್ಧ ಮಿಲಿಸೆಕೆಂಡ್. ಮತ್ತೆ ಕೇಳಿ. ಎರಡೂ ಕಡೆ ಒಂದೇ ಜೋರು. ಆದರೂ ಶಬ್ದ ಎಡಕ್ಕೆ ಜರುಗಿರುತ್ತದೆ.

ಪಕ್ಕದಿಂದ ಬಂದ ಶಬ್ದ ಹತ್ತಿರದ ಕಿವಿಗೆ ಮೊದಲು ತಲುಪುತ್ತದೆ, ದೂರದ ಕಿವಿಗೆ ತಡವಾಗಿ. ನಮ್ಮ ತಲೆಯ ಅಗಲಕ್ಕೆ ಈ ಅಂತರ ಹೆಚ್ಚೆಂದರೆ 700 ಮೈಕ್ರೋಸೆಕೆಂಡಿನ (ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೋಸೆಕೆಂಡ್) ಆಸುಪಾಸು. ಮಿದುಳುಕಾಂಡದಲ್ಲಿರುವ ಒಂದು ನರಕೋಶಗಳ ಗುಂಪಿಗೆ ಎರಡೂ ಕಿವಿಗಳ ಸುದ್ದಿ ಬರುತ್ತದೆ, ಯಾವುದು ಮೊದಲು ಬಂತು ಎಂದು ಅಳೆಯುವುದು ಅಲ್ಲೇ. ಪಳಗಿದ ಕಿವಿಗೆ ಸುಮಾರು 10 ಮೈಕ್ರೋಸೆಕೆಂಡಿನ ವ್ಯತ್ಯಾಸವೂ ಗೊತ್ತಾಗುತ್ತದೆ. ನನ್ನ ಎಡಿಟಿಂಗ್ ಪರದೆಯಲ್ಲಿ ಅದಕ್ಕಿಂತ ಹೆಚ್ಚು ಝೂಮ್ ಮಾಡಲಾಗದ ಒಂದು ಸ್ಯಾಂಪಲ್ ಎಂದರೆ ಸುಮಾರು 23 ಮೈಕ್ರೋಸೆಕೆಂಡ್. ಕಿವಿ ಹಿಡಿಯುವ ಆ 10 ಇದರ ಅರ್ಧಕ್ಕೂ ಕಡಿಮೆ! ಈ ಕೆಲಸದಲ್ಲಿ ನನ್ನನ್ನು ಇವತ್ತಿಗೂ ಬೆರಗುಗೊಳಿಸುವ ಅಂಕಿ ಇದು.

ಕೀಚು ದನಿಗಳಲ್ಲಿ ಈ ಲೆಕ್ಕ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿ ತಲೆಯೇ ಅಡ್ಡ ನಿಂತು, ದೂರದ ಕಿವಿಗೆ ಶಬ್ದ ಸಣ್ಣದಾಗಿ ಬೀಳುತ್ತದೆ. ಮಿದುಳು ಆ ಜೋರಿನ ಅಂತರವನ್ನು ಬಳಸಿಕೊಳ್ಳುತ್ತದೆ. ಎರಡು ಬಗೆಯ ಸುಳಿವುಗಳಿವೆ ಎಂಬ ಈ ವಿವರಣೆಯನ್ನು ಲಾರ್ಡ್ ರೇಲೀ 1907ರಲ್ಲೇ ಕೊಟ್ಟಿದ್ದರು. ಮೇಲೆ-ಕೆಳಗೆ, ಹಿಂದೆ-ಮುಂದೆ ಎಂಬುದನ್ನು ತಿಳಿಯಲು ಹೊರಗಿವಿಯ ಮಡಿಕೆಗಳು ಬೇಕು.

ಇನ್ನು ಅದೇ ಟ್ರ್ಯಾಕಿನಲ್ಲಿ ವಿಳಂಬವನ್ನು ಹೆಚ್ಚಿಸುತ್ತ ಹೋಗಿ. ಒಂದು ಮಿಲಿಸೆಕೆಂಡ್ ದಾಟಿದರೆ ಶಬ್ದ ಪೂರ್ತಿ ಎಡಗಿವಿಯದಾಗುತ್ತದೆ, ಬಲಗಡೆಯ ನಕಲು ಬೇರೆಯಾಗಿ ಕೇಳಿಸುವುದೇ ಇಲ್ಲ. ಮಾತಾದರೆ 30-40 ಮಿಲಿಸೆಕೆಂಡಿನವರೆಗೂ ಹೀಗೇ. ಅದರಾಚೆಗೆ ಪ್ರತಿಧ್ವನಿಯಾಗಿ ಒಡೆದು ಕೇಳುತ್ತದೆ. ‘ಟಕ್’ ಶಬ್ದವಾದರೆ ಬೇಗನೆ ಒಡೆಯುತ್ತದೆ. ಮೊದಲು ಬಂದದ್ದಕ್ಕೆ ಮಿದುಳು ಬೆಲೆ ಕೊಡುವುದರಿಂದಲೇ ಗೋಡೆಗಳಿರುವ ಕೋಣೆಯಲ್ಲಿ ನಾವು ಒಬ್ಬರ ಮಾತನ್ನು ಒಬ್ಬರದಾಗಿಯೇ ಕೇಳುತ್ತೇವೆ.

ಕತೆ ಮತ್ತು ಕತ್ತೆ

ಈಗ ನನಗೆ ತುಂಬ ಇಷ್ಟವಾದ ಪ್ರಯೋಗ. ನಿಧಾನಕ್ಕೆ ಮಾಡಿ.

‘ಕತೆ’ ಎಂದು ಸಹಜವಾಗಿ ಹೇಳಿ ರೆಕಾರ್ಡ್ ಮಾಡಿ, ಅಲೆಯನ್ನು ದೊಡ್ಡದು ಮಾಡಿ. ಮೊದಲು ‘ಕ’ದ ಸಣ್ಣ ಸಿಡಿತ, ಹಿಂದೆಯೇ ‘ಅ’ದ ದಪ್ಪ ಅಲೆಗಳು. ಆಮೇಲೆ ಗೆರೆ ಹೆಚ್ಚುಕಡಿಮೆ ಚಪ್ಪಟೆಯಾಗುತ್ತದೆ. ನಾಲಗೆ ಹಲ್ಲಿಗೆ ತಾಗಿ ಗಾಳಿಯನ್ನು ತಡೆದ ಹೊತ್ತು ಅದು; ಅಲ್ಲಿ ಶಬ್ದವಿಲ್ಲ. ಬಳಿಕ ‘ತ’ದ ಸಿಡಿತ, ‘ಎ’. ಕರ್ಸರನ್ನು ಆ ಚಪ್ಪಟೆ ಜಾಗದ ನಡುವೆ ಇಟ್ಟು 20 ಮಿಲಿಸೆಕೆಂಡ್ ಮೌನ ಸೇರಿಸಿ, ಕೇಳಿ. ಕತೆಯೇ. ಇನ್ನೂ 20 ಸೇರಿಸಿ. ಈಗಲೂ ಕತೆಯೇ, ಓದುವವರು ಸ್ವಲ್ಪ ತಡೆದರು ಅನ್ನಿಸಬಹುದು. ಹೀಗೆ ಒಂದೊಂದಾಗಿ ಸೇರಿಸುತ್ತ, ಪ್ರತಿಯೊಂದನ್ನೂ ಬೇರೆ ಫೈಲಾಗಿ ಉಳಿಸುತ್ತ ಹೋಗಿ. ಎಲ್ಲೋ ಒಂದು ಕಡೆ ಅದು ಥಟ್ಟನೆ ‘ಕತ್ತೆ’ಯಾಗುತ್ತದೆ. ಒಂದು ಹನಿ ಶಬ್ದವನ್ನೂ ನೀವು ಸೇರಿಸಿಲ್ಲ. ‘ಕ’ ಅದೇ, ‘ತೆ’ ಅದೇ. ಸೇರಿಸಿದ್ದು ಬರಿಯ ಮೌನ, ಬಂದದ್ದು ಇನ್ನೊಂದು ವ್ಯಂಜನ.

ಈಗ ಆ ಫೈಲುಗಳನ್ನು ಕಲಸಿ, ಜೊತೆಯವರಿಗೆ ಕೇಳಿಸಿ, ಕತೆಯೋ ಕತ್ತೆಯೋ ಎಂದು ಬರೆಯಲು ಹೇಳಿ. ಒಂದೆರಡು ಫೈಲುಗಳಲ್ಲಿ ಮಾತ್ರ ತಡವರಿಸುತ್ತಾರೆ. ಉಳಿದೆಲ್ಲ ಈಚೆ, ಇಲ್ಲವೇ ಆಚೆ. ಅರ್ಧ ಕತೆ ಅರ್ಧ ಕತ್ತೆ ಎಂಬುದು ಯಾರಿಗೂ ಕೇಳಿಸುವುದಿಲ್ಲ. ಗೆರೆಯ ಒಂದೇ ಪಕ್ಕದಲ್ಲಿರುವ ಎರಡು ಫೈಲುಗಳ ನಡುವಿನ 20 ಮಿಲಿಸೆಕೆಂಡ್ ಗಮನಕ್ಕೆ ಬಾರದೇ ಹೋಗುತ್ತದೆ. ಗೆರೆ ದಾಟುವ ಅಷ್ಟೇ 20 ಮಿಲಿಸೆಕೆಂಡ್ ಪದವನ್ನೇ ಬದಲಿಸುತ್ತದೆ. ಮಾತಿನ ಶಬ್ದಗಳನ್ನು ಮಿದುಳು ಹೀಗೆ ಗಡಿ ಹಾಕಿ ಕೇಳುತ್ತದೆ ಎಂದು ಆಲ್ವಿನ್ ಲಿಬರ್‌ಮನ್ ಮತ್ತು ಸಂಗಡಿಗರು 1957ರಲ್ಲಿ ಯಂತ್ರದಿಂದ ಹುಟ್ಟಿಸಿದ ಬ, ಡ, ಗ ಉಚ್ಚಾರಗಳನ್ನು ಕೇಳಿಸಿ ತೋರಿಸಿದರು.

ಇದೇ ಬಗೆಯಲ್ಲಿ ‘ಬಾಲ’ ಎಂದು ರೆಕಾರ್ಡ್ ಮಾಡಿ ನೋಡಿ. ತುಟಿ ಬಿಚ್ಚುವ ಮೊದಲೇ ಗಂಟಲಿನ ಸಣ್ಣ ಗುಂಯ್‌ಗುಟ್ಟುವಿಕೆ ಕಾಣುತ್ತದೆ, ಅಲೆಗಳು ಪುಟ್ಟವು, ಒಂದೇ ಸಮ. ತುಟಿ ಬಿಚ್ಚುವ ಜಾಗದವರೆಗೆ ಅದನ್ನು ಕತ್ತರಿಸಿ ಬಿಸಾಡಿ. ಬಹುತೇಕರ ದನಿಯಲ್ಲಿ ಉಳಿಯುವುದು ‘ಪಾಲ’ಕ್ಕೆ ತೀರ ಹತ್ತಿರ. ಬ ಮತ್ತು ಪ ಇವುಗಳ ನಡುವಿನ ಅಂತರವೆಲ್ಲ ಗಂಟಲು ಯಾವಾಗ ಕಂಪಿಸಲು ಶುರು ಮಾಡಿತು ಎಂಬುದರ ಸುತ್ತಲೇ ಇದೆ, ಅದೂ ಮಿಲಿಸೆಕೆಂಡುಗಳ ಲೆಕ್ಕದಲ್ಲಿ.

ಮಿದುಳು ಇಷ್ಟು ಸಣ್ಣ ಕಾಲವನ್ನು ಹಿಡಿಯಬಲ್ಲುದೇ? ಹಿಡಿಯುತ್ತದೆ. ಒಂದೇ ಸಮನೆ ಬರುವ ಶಬ್ದದ ನಡುವೆ ಎರಡು-ಮೂರು ಮಿಲಿಸೆಕೆಂಡ್ ಬಿರುಕು ಬಿಟ್ಟರೂ ಆರೋಗ್ಯವಂತ ಎಳೆಯ ಕಿವಿಗೆ ಅದು ತಿಳಿಯುತ್ತದೆ. ಶಬ್ದ ಶುರುವಾದಾಗ ಮಿಡಿಯುವ ನರಕೋಶಗಳಿವೆ, ನಿಂತಾಗ ಮಿಡಿಯುವ ನರಕೋಶಗಳೂ ಇವೆ. ಮೌನ ಅವಕ್ಕೆ ಖಾಲಿ ಜಾಗವಲ್ಲ, ಅದೂ ಒಂದು ಘಟನೆ. ಅದಕ್ಕೇ ಹೊಸ ಎಡಿಟರುಗಳು ‘ಇಲ್ಲಿ ಏನೂ ಇಲ್ಲವಲ್ಲ’ ಎಂದು ಪದದೊಳಗಿನ ಚಪ್ಪಟೆ ಜಾಗಕ್ಕೆ ಕತ್ತರಿ ಹಾಕಲು ಹೋದಾಗ ನಾನು ಕೈ ಹಿಡಿದು ನಿಲ್ಲಿಸುತ್ತೇನೆ. ನಮ್ಮ ಕೇಳುಗರಲ್ಲಿ ಅನೇಕರು ಪುಸ್ತಕವನ್ನು ಎರಡು ಪಟ್ಟು ವೇಗದಲ್ಲಿ, ಕೆಲವರು ಇನ್ನೂ ವೇಗದಲ್ಲಿ ಕೇಳುತ್ತಾರೆ. ಆ ವೇಗದಲ್ಲಿ ಒತ್ತಕ್ಷರದ ಮೌನ ತುಸು ಕತ್ತರಿಸಿಹೋಗಿದ್ದರೂ ಪದ ಕೈತಪ್ಪುತ್ತದೆ. ಅವರ ದೂರುಗಳು ಎಷ್ಟು ನಿಖರವಾಗಿರುತ್ತವೆ ಎಂದರೆ, ಅಧ್ಯಾಯ, ನಿಮಿಷ, ಸೆಕೆಂಡು ಸಮೇತ ಬರುತ್ತವೆ. ಹುಟ್ಟಿನಿಂದ ಕಣ್ಣು ಕಾಣದವರಲ್ಲಿ ನೋಟಕ್ಕೆ ಮೀಸಲಾದ ಮಿದುಳಿನ ಹಿಂಭಾಗವೂ ಶಬ್ದಕ್ಕೆ ಸ್ಪಂದಿಸುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ.

ಗಡಿಗಳು ಎಲ್ಲಿರಬೇಕು ಎಂಬುದನ್ನು ಕಲಿಸುವುದು ಸುತ್ತಲಿನ ಭಾಷೆ. 1971ರಲ್ಲಿ ಪೀಟರ್ ಐಮಾಸ್ ಮತ್ತು ಸಂಗಡಿಗರು ಒಂದು ತಿಂಗಳು ಮತ್ತು ನಾಲ್ಕು ತಿಂಗಳ ಕೂಸುಗಳ ಬಾಯಿಗೆ ನಿಪ್ಪಲ್ ಕೊಟ್ಟು, ಚೀಪುವ ವೇಗ ಅಳೆದರು. ‘ಬ’ ಕೇಳಿ ಬೇಸತ್ತು ನಿಧಾನವಾದ ಮಗು ‘ಪ’ ಬಂದ ಕೂಡಲೇ ಜೋರಾಗಿ ಚೀಪಿತು. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ನಡೆಸಿದ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ನಮಗೆ ತ ಮತ್ತು ಟ ಎಷ್ಟು ಬೇರೆ! ಹಿಂದಿಯ ಅದೇ ತ-ಟ ಜೋಡಿಯನ್ನು ಇಂಗ್ಲಿಷ್ ಮಾತಾಡುವ ಮನೆಗಳ 6-8 ತಿಂಗಳ ಕೂಸುಗಳು ಬೇರೆಬೇರೆಯಾಗಿ ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಬಹುತೇಕ ಕೂಸುಗಳಲ್ಲಿ ಆ ಗುರುತು ಮಸುಕಾಗಿತ್ತು. ಕಿವಿ ಕೆಟ್ಟಿದ್ದರಿಂದ ಅಲ್ಲ; ತನ್ನ ಭಾಷೆಯಲ್ಲಿ ಬಳಕೆಗೆ ಬಾರದ ವ್ಯತ್ಯಾಸವನ್ನು ಮಿದುಳು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟಿತು. ಹೊಸ ಭಾಷೆ ಕಲಿಯುವಾಗ ಎರಡು ಶಬ್ದಗಳು ಒಂದೇ ಆಗಿ ಕೇಳಿಸಿದರೆ ಇದನ್ನು ನೆನಪಿಸಿಕೊಳ್ಳಿ. ಅಂಥ ಜೋಡಿಪದಗಳನ್ನು ಹಲವರ ದನಿಯಲ್ಲಿ ಕೇಳುತ್ತ, ಯಾವುದು ಎಂದು ಊಹಿಸಿ, ಸರಿ-ತಪ್ಪು ಆಗಲೇ ತಿಳಿದುಕೊಳ್ಳುತ್ತ ಹೋದರೆ ದೊಡ್ಡವರಿಗೂ ಗಡಿ ಮೂಡುತ್ತದೆ. ಒಬ್ಬರದೇ ದನಿಯಲ್ಲಿ ಕೇಳಿದರೆ ಆ ಒಬ್ಬರ ಮಟ್ಟಿಗೆ ಮಾತ್ರ ಕಲಿತ ಹಾಗೆ.

ಕೆಮ್ಮಿನ ಹಿಂದೆ ಅಡಗಿದ ಅಕ್ಷರ

ಒಂದು ಇಡೀ ವಾಕ್ಯ ರೆಕಾರ್ಡ್ ಮಾಡಿ. ನಡುವಿನ ಒಂದು ಪದದಲ್ಲಿ ಒಂದು ಅಕ್ಷರವನ್ನು ಅಳಿಸಿ, ಜಾಗವನ್ನು ಖಾಲಿ ಬಿಡಿ. ಕೇಳಿದರೆ ವಾಕ್ಯ ಹರಿದಿರುವುದು ಎಲ್ಲರಿಗೂ ತಿಳಿಯುತ್ತದೆ. ಈಗ ಅದೇ ಖಾಲಿ ಜಾಗಕ್ಕೆ ಒಂದು ಜೋರಾದ ಕೆಮ್ಮನ್ನು ತಂದು ಕೂರಿಸಿ. ಕೇಳುವವರಿಗೆ ವಾಕ್ಯ ಪೂರ್ತಿ ಕೇಳಿಸುತ್ತದೆ, ಜೊತೆಗೆ ಯಾರೋ ಕೆಮ್ಮಿದ್ದೂ ಕೇಳಿಸುತ್ತದೆ. ಕೆಮ್ಮು ಯಾವ ಅಕ್ಷರದ ಮೇಲೆ ಬಂತು ಎಂದು ಕೇಳಿ. ಸರಿಯಾಗಿ ತೋರಿಸಲು ಆಗುವುದಿಲ್ಲ. ರಿಚರ್ಡ್ ವಾರೆನ್ 1970ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಮೌನವಿದ್ದರೆ ಅಲ್ಲಿ ಅಕ್ಷರ ಇರಲಿಲ್ಲ ಎಂಬುದಕ್ಕೆ ಸಾಕ್ಷಿ ಸಿಕ್ಕಂತಾಯಿತು. ಕೆಮ್ಮಿದ್ದರೆ ಅದರ ಹಿಂದೆ ಅಕ್ಷರ ಇದ್ದಿರಬಹುದು. ಆ ‘ಇದ್ದಿರಬಹುದು’ ಸಾಕು, ಉಳಿದದ್ದನ್ನು ಮಿದುಳು ವಾಕ್ಯದ ಅರ್ಥದಿಂದ ತುಂಬಿಕೊಳ್ಳುತ್ತದೆ.

ನಮ್ಮ ಕೆಲಸದಲ್ಲಿ ಇದರಿಂದ ಒಂದು ನಿಯಮವೇ ಹುಟ್ಟಿದೆ. ಓದುವವರ ಉಸಿರನ್ನೋ ಹಾಳೆ ತಿರುವಿದ ಸದ್ದನ್ನೋ ತೆಗೆದರೆ ಆ ಜಾಗಕ್ಕೆ ಶುದ್ಧ ಮೌನ ಹಾಕುವುದಿಲ್ಲ. ಅದೇ ಕೋಣೆಯಲ್ಲಿ ಯಾರೂ ಮಾತಾಡದಿದ್ದಾಗ ರೆಕಾರ್ಡ್ ಮಾಡಿಟ್ಟುಕೊಂಡ ರೂಮ್ ಟೋನ್ ಹಾಕುತ್ತೇವೆ. ಪ್ರತಿ ಸಲ ರೆಕಾರ್ಡಿಂಗ್ ಶುರು ಮಾಡುವ ಮೊದಲು ಅರ್ಧ ನಿಮಿಷ ಸುಮ್ಮನೆ ಕೂತು ಅದನ್ನು ತುಂಬಿಕೊಳ್ಳಿ.

ಮಾತು ಮತ್ತು ಹಾಡು

ನಾಲ್ಕೈದು ಪದಗಳ ಒಂದು ತುಣುಕನ್ನು ಆರಿಸಿ ಲೂಪ್ ಹಾಕಿ ಬಿಡಿ. ಮತ್ತೆಮತ್ತೆ ಕೇಳಿದ ಹಾಗೆ ಎಷ್ಟೋ ಜನರಿಗೆ ಅದು ಹಾಡಿದಂತೆ ಕೇಳಿಸತೊಡಗುತ್ತದೆ. ಈ ಭ್ರಮೆಯನ್ನು ಜಗತ್ತಿಗೆ ತಿಳಿಸಿದವರು ಡಯಾನಾ ಡಾಯ್ಚ್. 1995ರಲ್ಲಿ ತಮ್ಮದೇ ಮಾತಿನ ಒಂದು ತುಣುಕು ಲೂಪ್ ಆಗುತ್ತಿದ್ದಾಗ ಅವರಿಗೆ ಇದು ಹೊಳೆಯಿತು. ಎಡಿಟರುಗಳಿಗಂತೂ ಇದು ದಿನನಿತ್ಯದ ಅನುಭವ. ಶಬ್ದದಲ್ಲಿ ಏನೂ ಬದಲಾಗಿರುವುದಿಲ್ಲ, ಮಿದುಳು ಅದನ್ನು ಕೇಳುವ ಬಗೆ ಬದಲಾಗಿರುತ್ತದೆ. ಅರ್ಥ ಸಿಕ್ಕಿಬಿಟ್ಟ ಮೇಲೆ ಗಮನ ಏರಿಳಿತದ ಕಡೆ ತಿರುಗುತ್ತದೆ.

ಒಂದು ಫಿಲ್ಟರಿನಿಂದ ಮಾತನ್ನೂ ರಾಗವನ್ನೂ ಬೇರೆ ಮಾಡಬಹುದು. ಎಫೆಕ್ಟ್ ಮೆನುವಿನಲ್ಲಿ, ಕೊಟ್ಟ ಕಂಪನಾಂಕದಿಂದ ಮೇಲಿನದನ್ನು ಕತ್ತರಿಸುವ ಲೋ-ಪಾಸ್ ಫಿಲ್ಟರ್ ಆರಿಸಿ, 350 ಹರ್ಟ್ಜ್ ಕೊಟ್ಟು, ಕಡಿತವನ್ನು ಸಾಧ್ಯವಾದಷ್ಟು ಕಡಿದಾಗಿಡಿ. ಪದಗಳು ಅಳಿಸಿಹೋಗುತ್ತವೆ. ಆದರೆ ಮಾತಾಡಿದವರು ಗಂಡಸೋ ಹೆಂಗಸೋ, ಕೋಪವೋ ಅಕ್ಕರೆಯೋ, ಕೇಳಿದ್ದು ಪ್ರಶ್ನೆಯೋ ಎಂಬುದು ಉಳಿಯುತ್ತದೆ. ಇದಕ್ಕೆ ತದ್ವಿರುದ್ಧವಾದದ್ದನ್ನು ರಾಬರ್ಟ್ ಶಾನನ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದರು: ಮಾತನ್ನು ಕಂಪನಾಂಕದ ಕೇವಲ ನಾಲ್ಕು ಪಟ್ಟಿಗಳ ಬುಸುಗುಟ್ಟುವ ಶಬ್ದವಾಗಿ ಬದಲಿಸಿ, ಪ್ರತಿ ಪಟ್ಟಿಯ ಜೋರು ಮಾತಿನಂತೆಯೇ ಏರಿಳಿಯುವಂತೆ ಮಾಡಿದರೂ, ಸದ್ದಿಲ್ಲದ ಕಡೆ ಪದಗಳು ಅರ್ಥವಾಗುತ್ತವೆ. ರಾಗ ಮಾತ್ರ ಹೋಗಿರುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ (ಒಳಗಿವಿಯಲ್ಲಿ ಕೂರಿಸುವ ಶ್ರವಣ ಸಾಧನ) ಹಾಕಿಸಿಕೊಂಡವರಿಗೆ ಮಾತು ಚೆನ್ನಾಗಿ ತಿಳಿದರೂ ಸಂಗೀತ ಕಷ್ಟವಾಗುವುದು ಇದಕ್ಕೇ. ಮಾತಿಗೆ ಮುಖ್ಯವಾಗಿ ಬೇಕಾದ್ದು ಕಾಲದ ಸೂಕ್ಷ್ಮ, ರಾಗಕ್ಕೆ ಬೇಕಾದ್ದು ಶ್ರುತಿಯ ಸೂಕ್ಷ್ಮ. ಮೊದಲನೆಯದಕ್ಕೆ ಎಡಗಡೆಯ ಶ್ರವಣ ಕಾರ್ಟೆಕ್ಸ್, ಎರಡನೆಯದಕ್ಕೆ ಬಲಗಡೆಯದು ಹೆಚ್ಚು ಸ್ಪಂದಿಸುತ್ತದೆ ಎಂದು ಹಾಡುಗಳನ್ನೇ ಬಳಸಿ 2020ರಲ್ಲಿ ನಡೆದ ಅಧ್ಯಯನವೊಂದು ತೋರಿಸಿತು. ‘ಹೆಚ್ಚು’ ಎಂಬ ಪದಕ್ಕೆ ಒತ್ತು ಕೊಟ್ಟು ಓದಿ. ಎರಡೂ ಕಡೆಗಳು ಎರಡೂ ಕೆಲಸದಲ್ಲಿ ಇರುತ್ತವೆ.

ಕೆಲಸ ಹಂಚಿಕೆಯಾಗಿದೆ ಎಂಬುದಕ್ಕೆ ರೋಗಿಗಳ ಸಾಕ್ಷ್ಯ ಇನ್ನೂ ಹಳೆಯದು. ಕಾರ್ಲ್ ವೆರ್ನಿಕೆ 1874ರಲ್ಲಿ ವಿವರಿಸಿದ ರೋಗಿಗಳಿಗೆ ಶಬ್ದ ಕೇಳುತ್ತಿತ್ತು, ಮಾತು ಅರ್ಥವಾಗುತ್ತಿರಲಿಲ್ಲ. ರಷ್ಯದ ಸಂಗೀತ ರಚನಕಾರ ವಿಸ್ಸಾರಿಯೋನ್ ಶೆಬಾಲಿನ್ ಪಾರ್ಶ್ವವಾಯುವಿನಿಂದ ಮಾತಾಡುವ, ಮಾತು ಅರ್ಥಮಾಡಿಕೊಳ್ಳುವ ಶಕ್ತಿಯನ್ನು ಬಹುಪಾಲು ಕಳೆದುಕೊಂಡ ಮೇಲೂ ಸಂಗೀತ ರಚಿಸುತ್ತಲೇ ಇದ್ದರು. ತೀರಿಕೊಳ್ಳುವ ಮುನ್ನ ಒಂದು ಸಿಂಫನಿಯನ್ನೂ ಮುಗಿಸಿದರು.

ಹಲವರ ನಡುವೆ ಒಬ್ಬರು

ಒಬ್ಬರೇ ಎರಡು ಬೇರೆ ಪುಟಗಳನ್ನು ಓದಲಿ. ಎರಡನ್ನೂ ಒಂದರ ಮೇಲೊಂದು ಇಟ್ಟು, ಎರಡನ್ನೂ ನಡುವಿನಲ್ಲೇ ಕೇಳುವಂತೆ ಮಾಡಿ, ಒಂದನ್ನು ಹಿಂಬಾಲಿಸಲು ಪ್ರಯತ್ನಿಸಿ. ಬಹಳ ಕಷ್ಟ. ಈಗ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಿ. ಕಷ್ಟ ಹೆಚ್ಚುಕಡಿಮೆ ಮಾಯ. ಮತ್ತೆ ಎರಡನ್ನೂ ನಡುವಿಗೆ ತಂದು, ಒಂದು ಪುಟವನ್ನು ಬೇರೆ ದನಿಯವರಿಂದ ಓದಿಸಿ. ದಿಕ್ಕು ಇಲ್ಲದಿದ್ದರೂ ದನಿಯ ಶ್ರುತಿ ಹಿಡಿದು ಮಿದುಳು ಬೇರ್ಪಡಿಸುತ್ತದೆ. ಒಟ್ಟಿಗೆ ಶುರುವಾದದ್ದು, ಒಟ್ಟಿಗೆ ಏರಿಳಿಯುವುದು, ಒಂದೇ ದಿಕ್ಕಿನಿಂದ ಬರುವುದು, ಒಂದೇ ಮೂಲಶ್ರುತಿಗೆ ಹೊಂದುವುದು ಒಂದೇ ಕಡೆಯಿಂದ ಬಂದದ್ದೆಂದು ಅದು ಲೆಕ್ಕ ಹಾಕುತ್ತದೆ.

ಎರಡೂ ಕಿವಿಗೆ ಬೇರೆಬೇರೆ ಮಾತು ಕೊಡುವ ಪ್ರಯೋಗವನ್ನು ಕಾಲಿನ್ ಚೆರಿ 1953ರಲ್ಲಿ ಪ್ರಕಟಿಸಿದರು. ಒಂದು ಕಿವಿಯ ಮಾತನ್ನು ಕೇಳುತ್ತ ಹೇಳುತ್ತ ಹೋದವರಿಗೆ, ಇನ್ನೊಂದು ಕಿವಿಯ ಮಾತು ಇಂಗ್ಲಿಷಿನಿಂದ ಜರ್ಮನ್‌ಗೆ ಬದಲಾದದ್ದೂ ತಿಳಿಯಲಿಲ್ಲ. ಗಂಡಸಿನ ದನಿ ಹೆಂಗಸಿನದಾದದ್ದು ಮಾತ್ರ ತಿಳಿಯಿತು. ಆದರೆ ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ: ನೆವಿಲ್ ಮೊರೆ 1959ರಲ್ಲಿ ಗಮನಿಸದ ಕಿವಿಗೆ ಕೇಳುಗರ ಸ್ವಂತ ಹೆಸರನ್ನು ಹೇಳಿಸಿದಾಗ ಮೂವರಲ್ಲಿ ಒಬ್ಬರಷ್ಟು ಜನ ಅದನ್ನು ಹಿಡಿದರು. ಶಸ್ತ್ರಚಿಕಿತ್ಸೆಗಾಗಿ ಮಿದುಳಿನ ಮೇಲೆಯೇ ಎಲೆಕ್ಟ್ರೋಡ್ ಇಟ್ಟಿದ್ದ ಅಪಸ್ಮಾರದ ರೋಗಿಗಳಿಗೆ ಇಬ್ಬರ ಮಾತನ್ನು ಒಟ್ಟಿಗೆ ಕೇಳಿಸಿದ 2012ರ ಅಧ್ಯಯನದಲ್ಲಿ, ಶ್ರವಣ ಕಾರ್ಟೆಕ್ಸಿನ ಸ್ಪಂದನೆ ಅವರು ಗಮನಿಸುತ್ತಿದ್ದ ಒಬ್ಬರ ಮಾತನ್ನೇ ಬಹುಮಟ್ಟಿಗೆ ಹೋಲುತ್ತಿತ್ತು. ಗಮನ ಎಂಬುದು ಕೇಳಿದ ಮೇಲೆ ಮಾಡುವ ಆಯ್ಕೆಯಷ್ಟೇ ಅಲ್ಲ, ಕೇಳುವಿಕೆಯೊಳಗೇ ಸೇರಿಕೊಂಡಿದೆ.

ಕಣ್ಣೂ ಕೈಜೋಡಿಸುತ್ತದೆ. ‘ಗ’ ಎನ್ನುತ್ತಿರುವ ಮುಖದ ವೀಡಿಯೊಗೆ ‘ಬ’ ಎಂಬ ದನಿ ಜೋಡಿಸಿದರೆ ಅನೇಕರಿಗೆ ಕೇಳುವುದು ‘ದ’. ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ 1976ರಲ್ಲಿ ತೋರಿಸಿದ್ದು. ಫೋನಿನಲ್ಲೇ ಮಾಡಬಹುದು, ಕಣ್ಣು ಮುಚ್ಚಿದರೆ ಮತ್ತೆ ‘ಬ’.

ಇದನ್ನೆಲ್ಲ ಮನೆಯ ಹಿರಿಯರ ಜೊತೆ ಬಳಸುವುದು

ಈ ಪ್ರಯೋಗಗಳನ್ನು ನಾನು ಇಷ್ಟು ಒತ್ತಾಯದಿಂದ ಮಾಡಿಸುವುದಕ್ಕೆ ಮುಖ್ಯ ಕಾರಣ ಇದು. ವಯಸ್ಸಾದಂತೆ ಕಾಕ್ಲಿಯಾದ ಬುಡದ ರೋಮಕೋಶಗಳು ಮೊದಲು ಸಾಯುತ್ತವೆ, ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಅಂದರೆ ಮೊದಲು ಹೋಗುವುದು ಕೀಚು ದನಿಗಳು. ಸ್ಪೆಕ್ಟ್ರೋಗ್ರಾಮಿನಲ್ಲಿ 4,000 ಹರ್ಟ್ಜ್‌ನ ಮೇಲೆ ಹರಡಿದ್ದ ‘ಸ’ ನೆನಪಿದೆಯಲ್ಲ? ಅದು, ಮತ್ತು ಶ, ಫ, ತ, ಟಗಳ ಸಿಡಿತ. ಅ, ಆ, ಇ ಮುಂತಾದ ಸ್ವರಗಳು ಕೆಳಗಿರುವುದರಿಂದ ಉಳಿಯುತ್ತವೆ. ಆದ್ದರಿಂದ ಅಜ್ಜ ಹೇಳುವ ‘ಕೇಳುತ್ತೆ ಕಣಪ್ಪ, ಏನಂದೆ ಅಂತ ಗೊತ್ತಾಗಲ್ಲ’ ಎಂಬ ಮಾತು ಅಕ್ಷರಶಃ ನಿಜ. ‘ಬೇಕಾದದ್ದು ಮಾತ್ರ ಕೇಳಿಸುತ್ತೆ’ ಎಂದು ಅವರನ್ನು ಗೇಲಿ ಮಾಡುವುದು ಅನ್ಯಾಯ. ಅವರ ಪಾಡು ಏನೆಂದು ತಿಳಿಯಬೇಕಾದರೆ ನಿಮ್ಮದೇ ಮಾತಿಗೆ 1,500 ಹರ್ಟ್ಜ್‌ನ ಲೋ-ಪಾಸ್ ಫಿಲ್ಟರ್ ಹಾಕಿ, ಅದರ ಮೇಲೆ ಫ್ಯಾನಿನ ಸದ್ದು ಸೇರಿಸಿ, ಹತ್ತು ನಿಮಿಷ ಕೇಳಿ. ಆಯಾಸವಾಗುತ್ತದೆ. ಅವರು ದಿನವಿಡೀ ಊಹಿಸುತ್ತಿರುತ್ತಾರೆ.

ಹಾಗಾಗಿ ಕಿರುಚಬೇಡಿ. ಕಿರುಚಿದರೆ ಉಬ್ಬುವುದು ಸ್ವರಗಳು, ಅವು ಮೊದಲೇ ಕೇಳುತ್ತಿದ್ದವು. ‘ಸ’ ಅಷ್ಟಾಗಿ ಬೆಳೆಯುವುದಿಲ್ಲ. ಹತ್ತಿರ ಹೋಗಿ, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನಿಂತು ಮಾತಾಡಿ, ತುಟಿ ಕಾಣಲಿ. ಟೀವಿಯನ್ನು ಸಣ್ಣದು ಮಾಡುವ ಬದಲು ಪೂರ್ತಿ ಆರಿಸಿ. ಮೊದಲು ಹೆಸರು ಹಿಡಿದು ಕರೆದು, ಅವರು ತಿರುಗಿದ ಮೇಲೆ ವಿಷಯ ಹೇಳಿ. ಪದಗಳ ನಡುವೆ ಸಣ್ಣ ಬಿಡುವು ಕೊಡಿ. ಪದಗಳನ್ನೇ ಎಳೆದು ಹೇಳಬೇಡಿ. ಎಳೆದರೆ ಕತೆ-ಕತ್ತೆಗಳ ಅಳತೆಗಳೆಲ್ಲ ಕದಡುತ್ತವೆ. ಒಂದು ಸಲಕ್ಕೆ ತಿಳಿಯದಿದ್ದರೆ ಅದೇ ಪದವನ್ನು ಹಿಡಿದು ಹತ್ತು ಸಲ ಹೇಳದೆ ಬೇರೆ ಪದ ಬಳಸಿ. ಹೊಸ ಪದದಲ್ಲಿ ಬೇರೆ ಅಕ್ಷರಗಳಿರುತ್ತವೆ, ಸುಳಿವು ಸಿಗುತ್ತದೆ. ಶ್ರವಣ ತಜ್ಞರ ಬಳಿ ಹೋದಾಗ ಬರಿಯ ಪೀಂ-ಪೀಂ ಪರೀಕ್ಷೆಗೆ ನಿಲ್ಲಿಸದೆ, ಮಾತನ್ನು ಗುರುತಿಸುವ ಪರೀಕ್ಷೆಯನ್ನೂ ಸದ್ದಿನ ನಡುವೆ ಮಾಡಿಸಿಕೊಳ್ಳಬಹುದೇ ಎಂದು ಕೇಳಿ. ಹಿಯರಿಂಗ್ ಏಡ್ ಹೊಸದಾಗಿ ಹಾಕಿದವರಿಗೆ ಕೆಲವು ವಾರ ಎಲ್ಲವೂ ಕರ್ಕಶ ಅನ್ನಿಸುತ್ತದೆ. ಬಹುಕಾಲ ಕಾಣೆಯಾಗಿದ್ದ ಶಬ್ದಗಳು ಒಮ್ಮೆಲೇ ಬಂದಾಗ ಮಿದುಳಿಗೆ ಅವನ್ನು ಮತ್ತೆ ವಿಂಗಡಿಸಲು ಸಮಯ ಬೇಕು. ಅಷ್ಟಕ್ಕೇ ಡಬ್ಬಿಗೆ ಹಾಕಿಡಬೇಡಿ.

ನಿಮ್ಮ ಕಿವಿಯನ್ನೂ ನೋಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ. 90 ಡೆಸಿಬೆಲ್‌ಗೆ ಏರಿದರೆ ಅದೇ ಮಿತಿ 4 ಗಂಟೆಗೆ ಇಳಿಯುತ್ತದೆ. ಲೂಪ್ ಹಾಕಿ ಕೇಳುವಾಗ ಜೋರು ಗೊತ್ತಾಗದೆ ಏರುತ್ತ ಹೋಗುತ್ತದೆ, ಅದಕ್ಕೆ ನಾನು ವಾಲ್ಯೂಮ್ ಗುಂಡಿಯ ಪಕ್ಕ ಒಂದು ಗುರುತು ಹಾಕಿಟ್ಟಿದ್ದೇನೆ. ಮತ್ತು ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ, ನೆಗಡಿ ಇರಬೇಕು, ನಾಳೆ ಸರಿಹೋಗುತ್ತದೆ ಎಂದು ಕಾಯಬೇಡಿ. ಅದು ನರದ ತೊಂದರೆಯಾಗಿದ್ದರೆ ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಫಲ. ಅವತ್ತೇ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ.